ಹುಬ್ಬಿನ ಮೇಲಿನ ಗಾಯ

“ನಾನು ಜಯಕುಮಾರ್ ಅಲ್ಲ ಅಂತ ನಿಮಗೆ ಹೇಳಿದ್ದು ಯಾರು ಮೇಡಂ?”

ಆ ಮನುಷ್ಯ ಹೆದರಿರಲಿಲ್ಲ. ಚೈತ್ರಳಿಗೆ ವಿಚಿತ್ರವೆನಿಸಿದ್ದೇ ಅದು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಕೆಲವರು ಬೆವರುತ್ತಾರೆ, ಕೆಲವರು ದನಿ ಏರಿಸುತ್ತಾರೆ, ಇನ್ನು ಕೆಲವರು ಕುಡಿಯಲು ನೀರು ಕೇಳುತ್ತಾರೆ. ಇವನು ಮಾತ್ರ ಕೈಯಲ್ಲಿದ್ದ ತಾಮ್ರದ ತಂತಿಯ ಸುರುಳಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಬಂತು ಎನ್ನುವವನಂತೆ ಮುಂದಕ್ಕೆ ಬಾಗಿದ.

ಕೊರಟಗೆರೆಯ ಆ ಅಂಗಡಿಯ ತುಂಬ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು. ಹೊರಗೆ ಗೊರವನಹಳ್ಳಿಗೆ ಹೋಗುವ ಬಸ್ಸಿಗಾಗಿ ಹೂವು, ತೆಂಗಿನಕಾಯಿ ಹಿಡಿದ ಹೆಂಗಸರು ನೆರಳು ಹುಡುಕಿಕೊಂಡು ನಿಂತಿದ್ದರು.

ಹಿಂದಿನ ಭಾನುವಾರ ಬಡವನಹಳ್ಳಿ ಹೈಸ್ಕೂಲಿನ 2001ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಒಟ್ಟಿಗೆ ಸೇರಿದ್ದಾಗ, ಇವನು ಜಯಕುಮಾರ್ ಎಂದು ಹೇಳಿಕೊಂಡು ಬಂದು ದಿನವಿಡೀ ಅವರೊಡನೆ ಕೂತು ಉಂಡು ಹೋಗಿದ್ದ. ಇವನು ಬಂದಿಳಿದ ಗೂಡ್ಸ್ ಆಟೋದ ಮೇಲಿದ್ದ ಅಂಗಡಿಯ ಹೆಸರು ಯಾರದೋ ಮೊಬೈಲ್ ವಿಡಿಯೋದಲ್ಲಿ ಕಂಡಿತ್ತು. ಅದೇ ಜಾಡು ಹಿಡಿದು ಚೈತ್ರ ಇಲ್ಲಿಗೆ ಬಂದಿದ್ದಳು. ಒಳಗೆ ಕಾಲಿಡುವ ಮುಂಚೆ ಅಂಗಡಿಯ ಫೋಟೋ ತೆಗೆದು, ಸಂಜೆ ಬರುತ್ತೇನೆ ಎಂದು ಬರೆದು, ತನಗೆ ವಿಷಯ ತಿಳಿಸಿದ ಗೆಳತಿಗೆ ಕಳಿಸಿದ್ದಳು.

ಚೈತ್ರಳೂ ಅದೇ ಬ್ಯಾಚಿನವಳು. ಪೊಲೀಸ್ ಇಲಾಖೆಗೆ ಸೇರಿ, ಸಬ್ ಇನ್‌ಸ್ಪೆಕ್ಟರ್ ಆಗಿ, ಅಲ್ಲಿಯ ಕೆಲಸ ಸಾಕೆನಿಸಿದ ಮೇಲೆ ತುಮಕೂರಿನಲ್ಲಿ ವಿಮಾ ಕ್ಲೇಮುಗಳ ತನಿಖೆ ಮಾಡಿಕೊಂಡಿದ್ದಳು. ಆದರೆ ಇಲ್ಲಿಗೆ ಅವಳನ್ನು ಯಾವ ಕಂಪನಿಯೂ ಕಳಿಸಿರಲಿಲ್ಲ. ತನ್ನನ್ನೂ ಸೇರಿಸಿ ಇಡೀ ತರಗತಿಯನ್ನು ಒಬ್ಬ ಅಪರಿಚಿತ ಇಷ್ಟು ಸಲೀಸಾಗಿ ನಂಬಿಸಿದ್ದು ಹೇಗೆ ಎಂಬ ಕುತೂಹಲ ಅವಳನ್ನು ಕೂರಲು ಬಿಟ್ಟಿರಲಿಲ್ಲ.

ಯಾರು ಹೇಳಿದರು ಎಂಬುದು ಆಮೇಲಿನ ಮಾತು, ಮೊದಲು ನೀವು ಯಾರು ಹೇಳಿ ಎಂದಳು.

ಅವನು ಮುಚ್ಚುಮರೆ ಮಾಡಲಿಲ್ಲ. ತನ್ನ ಹೆಸರು ಪ್ರಭುದೇವ್, ಇದು ಸೋದರಮಾವನ ಅಂಗಡಿ ಎಂದ. ಮೊದಲು ದೊಡ್ಡ ವಿದ್ಯುತ್ ಲೈನುಗಳ ಟವರ್ ನಿಲ್ಲಿಸುವ ಗುತ್ತಿಗೆದಾರನೊಬ್ಬನ ಬಳಿ ಸೂಪರ್‌ವೈಸರ್ ಆಗಿದ್ದನಂತೆ. ಜಯಕುಮಾರ್ ಅವನ ಗ್ಯಾಂಗಿನಲ್ಲೇ ಟವರ್ ಹತ್ತುವ ಕೆಲಸಗಾರ. ಊರೂರು ತಿರುಗುತ್ತ ವರ್ಷಗಟ್ಟಲೆ ಒಂದೇ ರೂಮಿನಲ್ಲಿ ಅಡುಗೆ ಮಾಡಿಕೊಂಡು ಇದ್ದವರು. ಸಂಜೆ ಕೆಲಸ ಮುಗಿಸಿ ಬಂದರೆ ಜಯಕುಮಾರನಿಗೆ ಒಂದೇ ಮಾತು, ಹೈಸ್ಕೂಲು.

“ನಾನು ನಿಮ್ಮನ್ನ ನೋಡೇ ಇರ್ಲಿಲ್ಲ ಮೇಡಂ. ಆದ್ರೆ ಅವತ್ತು ನೀವು ಒಳಗೆ ಬರ್ತಿದ್ದಂಗೆ ಇವ್ರೇ ಚೈತ್ರ ಅಂತ ಗೊತ್ತಾಯ್ತು.”

ಅದು ನಿಜವೇ. ಭಾನುವಾರ ಎಲ್ಲರನ್ನೂ ಹೆಚ್ಚು ನಗಿಸಿದ್ದು ಇವನೇ. ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದಾಗ ಪ್ರಸನ್ನ ಕುಮಾರನ ಚಪ್ಪಲಿ ಕೋತಿ ಪಾಲಾಗಿ, ಅವನು ನಾಗಲಿಂಗಯ್ಯ ಮೇಷ್ಟ್ರ ಚಪ್ಪಲಿ ಮೆಟ್ಟಿಕೊಂಡು ಇಳಿದದ್ದು. ಪೆದ್ದಣ್ಣ ಪ್ರಾರ್ಥನೆಯಲ್ಲಿ ನಗು ತಡೆಯಲಾಗದೆ ದಿನವೂ ಬಿಸಿಲಲ್ಲಿ ನಿಲ್ಲುತ್ತಿದ್ದದ್ದು. ಸ್ಕೂಲ್ ಡೇ ನಾಟಕದಲ್ಲಿ ರಾಜನಾಗಿದ್ದ ಚೈತ್ರಳ ಮೀಸೆ ಉದುರಿಬಿದ್ದು, ಅವಳು ಮೂಗಿನ ಕೆಳಗೆ ಕೈ ಅಡ್ಡ ಹಿಡಿದೇ ಉಳಿದ ಮಾತನ್ನೆಲ್ಲ ಗುಡುಗಿದ್ದು. ಆ ಮೀಸೆಯ ವಿಷಯ ಸ್ವತಃ ಚೈತ್ರಳಿಗೇ ಮರೆತುಹೋಗಿತ್ತು. ಇವನು ನೆನಪಿಸಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಮೋಸ ನಡೆದದ್ದು ಅಲ್ಲೇ ಎಂದು ಈಗ ಅವಳಿಗೆ ಅನ್ನಿಸಿತು. ಎಲ್ಲರಿಗೂ ನೆನಪಿದ್ದದ್ದು ಒಬ್ಬ ತೆಳ್ಳಗಿನ, ಉದ್ದ ಕತ್ತಿನ ಹುಡುಗ. ಎದುರಿಗೆ ಬಂದದ್ದು ದಪ್ಪಗಿನ, ಗಡ್ಡ ಬಿಟ್ಟ ನಡುವಯಸ್ಸಿನವನು. ಆದರೆ ತಮ್ಮನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದವನನ್ನು ನೀನು ಯಾರು ಎಂದು ಕೇಳಲು ಯಾರಿಗೆ ಮನಸ್ಸು ಬರುತ್ತದೆ?

ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು ಅವಳು ಕೇಳಿದಳು.

ಪ್ರಭುದೇವ್ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದ. ಟವರಿನ ಬುಡದಲ್ಲಿ ಇಬ್ಬರು ಗಂಡಸರು ಹಳದಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಒಬ್ಬ ಇವನು. ಇನ್ನೊಬ್ಬನ ಹೆಲ್ಮೆಟ್ ಹುಬ್ಬಿನವರೆಗೂ ಇಳಿದಿತ್ತು. ಕೆಳಗೆ ಆ ಉದ್ದ ಕತ್ತು.

“ಹೋದ್ ಯುಗಾದಿ ಕಳೆದ ಮೇಲೆ ಅವನಿಗೊಂದು ಫೋನ್ ಬಂತು. ನನ್ ಜೊತೇಲಿ ಓದಿದೋರು, ನೋಡ್ಕೊಂಡ್ ಬತ್ತೀನಿ ಅಂದ. ಹೊಸ ಶರ್ಟ್ ಹಾಕ್ಕೊಂಡು ಹೋದ. ಅಷ್ಟೇ ಮೇಡಂ, ತಿರುಗಿ ಬರ್ಲಿಲ್ಲ.”

ಪೊಲೀಸ್ ಠಾಣೆಗೆ ಹೋದರೆ, ಬೆಳೆದ ಗಂಡಸು, ಹೇಳಿಯೇ ಹೋಗಿದ್ದಾನೆ, ಬರ್ತಾನೆ ಬಿಡಿ ಎಂದು ಕಳಿಸಿದರಂತೆ. ಪಾವಗಡದ ಕಡೆಯ ಹುಟ್ಟೂರು ತಿರುಮಣಿಯಲ್ಲಿ ಜಯಕುಮಾರನ ತಂದೆತಾಯಿ ಯಾವತ್ತೋ ತೀರಿಕೊಂಡಿದ್ದರು. ಹುಡುಕುವವರು ಬೇರೆ ಯಾರೂ ಇರಲಿಲ್ಲ. ಹೀಗಿರುವಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಸುದ್ದಿ ಫೇಸ್‌ಬುಕ್ಕಿನಲ್ಲಿ ಕಂಡಿತು. ಕರೆದವರು ಯಾರೋ ಅವರು ಅಲ್ಲಿಗೆ ಬಂದೇ ಬರುತ್ತಾರೆ, ತಾನು ಜಯಕುಮಾರ್ ಎಂದು ಎದುರಿಗೆ ನಿಂತರೆ ಅವರ ಮುಖ ಬದಲಾಗುತ್ತದೆ ಎಂದು ಲೆಕ್ಕ ಹಾಕಿದೆ ಎಂದ. ಆದರೆ ಯಾರ ಮುಖವೂ ಬದಲಾಗಲಿಲ್ಲ. ಎಲ್ಲರೂ ತಬ್ಬಿಕೊಂಡರು.

“ಈಗ ನೀವು ಬಂದಿದ್ದೀರಿ. ನನ್ನನ್ನ ಜಯಕುಮಾರ್ ಅಲ್ಲ ಅಂದೋರು ಯಾರೋ ಅವ್ರೇ ಮೇಡಂ ಅವನನ್ನ ಕರೆಸ್ಕೊಂಡೋರು. ಹೆಸರು ಹೇಳಿ.”

ಅವನ ಕಣ್ಣು ತುಂಬಿತ್ತು. ಚೈತ್ರ ಹೆಸರು ಹೇಳಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಅವನ ನಂಬರ್ ತೆಗೆದುಕೊಂಡು ಹೊರಗೆ ಬಂದಳು.

ಕಾರಿನಲ್ಲಿ ಕೂತು ಭಾನುವಾರದ ಊಟದ ಹೊತ್ತನ್ನು ಮತ್ತೆ ನೆನಪಿಗೆ ತಂದುಕೊಂಡಳು.

ಭಾನುವಾರ ಊಟ ಮುಗಿಸಿ ಕೈ ತೊಳೆಯುವ ಜಾಗದಲ್ಲಿ ಅವಳನ್ನು ಪಕ್ಕಕ್ಕೆ ಎಳೆದು ಹೇಳಿದವಳು ಲೋಹಿತಾ. ಮೂರು ವರ್ಷ ಒಂದೇ ಬೆಂಚಿನಲ್ಲಿ ಪಕ್ಕ ಕೂತವಳು. ಈಗ ಶಿರಾದಲ್ಲಿ ಕಡಲೆಮಿಠಾಯಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಇವನು ಜಯಕುಮಾರ ಅಲ್ಲ, ಅವನ ಬಲಹುಬ್ಬಿನ ಮೇಲೆ ಗಾಯದ ಗುರುತಿತ್ತು, ಇವನಿಗಿಲ್ಲ, ನೀನು ಪೊಲೀಸಲ್ಲಿದ್ದವಳು, ಯಾರು ಎಲ್ಲಿಯವನು ಅಂತ ಪತ್ತೆ ಮಾಡು ಎಂದಿದ್ದಳು. ಆಗ ಅವಳ ಕೈಯಿಂದ ನೀರಿನ ಲೋಟ ಜಾರಿ ಬಿದ್ದಿತ್ತು. ಕೈ ಒದ್ದೆಯಾಗಿತ್ತು, ಜಾರಿತು ಎಂದುಕೊಂಡು ಚೈತ್ರ ಅದನ್ನು ಅಷ್ಟಕ್ಕೇ ಬಿಟ್ಟಿದ್ದಳು.

ಹುಬ್ಬಿನ ಮೇಲಿನ ಗಾಯ. ಚೈತ್ರ ಎಷ್ಟು ಜ್ಞಾಪಿಸಿಕೊಂಡರೂ ಆ ಗಾಯ ಕಣ್ಣ ಮುಂದೆ ಬರಲಿಲ್ಲ. ಅವಳು ಕಾರನ್ನು ಮಧುಗಿರಿಯ ಕಡೆಗೆ ತಿರುಗಿಸಿದಳು.

*

ಪ್ರಸನ್ನ ಕುಮಾರನ ಫೋಟೋ ಸ್ಟುಡಿಯೋ ಮಧುಗಿರಿಯ ಪೇಟೆಬೀದಿಯಲ್ಲಿ ಮೊದಲನೇ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ಇಡೀ ಬೆಟ್ಟ ಒಳಗೇ ಬಂದು ಕೂತ ಹಾಗೆ. ಎಲ್ಲರನ್ನೂ ಹುಡುಕಿ ಹುಡುಕಿ ವಾಟ್ಸಾಪ್ ಗುಂಪು ಮಾಡಿ, ಭಾನುವಾರದ ಕಾರ್ಯಕ್ರಮವನ್ನು ಮೈಮೇಲೆ ಹಾಕಿಕೊಂಡು ಓಡಾಡಿದವನು ಅವನೇ. ಚೈತ್ರ ಬಂದದ್ದೇ ತಡ, ಟೀಗೆ ಹೇಳಿ, ಗುಂಪಿನಲ್ಲಿ ಯಾರು ಯಾರು ಏನೇನು ಬರೆದಿದ್ದಾರೆ ಎಂದು ಓದಿ ಹೇಳತೊಡಗಿದ. ಒಬ್ಬಳು ಅಜ್ಜಿಯಾಗುವವಳಿದ್ದಾಳಂತೆ. ಒಬ್ಬ ಮೂರನೇ ಸಲ ಗ್ರಾಮ ಪಂಚಾಯ್ತಿಗೆ ನಿಂತು ಸೋತಿದ್ದಾನಂತೆ. ಗುಂಪಿಗೆ ಸೇರುತ್ತೇನೆ ಎಂದು ತನ್ನ ನಂಬರ್ ತೆಗೆದುಕೊಂಡು ಹೋದ ಜಯಕುಮಾರ ಮಾತ್ರ ಅವತ್ತಿಂದ ಒಂದು ಗುಡ್ ಮಾರ್ನಿಂಗ್ ಕೂಡ ಕಳಿಸಿಲ್ಲ ಎಂದು ಬೇಜಾರು ಮಾಡಿಕೊಂಡ.

ಚೈತ್ರ ಅವನಿಗೆ ಏನೂ ಬಿಟ್ಟುಕೊಡಲಿಲ್ಲ. ಹತ್ತನೇ ತರಗತಿಯ ಗ್ರೂಪ್ ಫೋಟೋ ಒಮ್ಮೆ ತೋರಿಸು ಎಂದಳು.

ಅದು ಅವನ ಕಂಪ್ಯೂಟರಿನಲ್ಲೇ ಇತ್ತು. ಕಾರ್ಯಕ್ರಮದ ಬ್ಯಾನರಿಗೆಂದು ಆ ಫೋಟೋವನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನೆಲ್ಲ ಅಳಿಸಿ ಚೊಕ್ಕ ಮಾಡಿದ್ದ. ಪರೀಕ್ಷೆಗೆ ಮುಂಚೆ ಬೀಳ್ಕೊಡುಗೆಯ ದಿನ ತೆಗೆದದ್ದು. ಹಿಂದಿನ ಸಾಲಿನಲ್ಲಿ ಪೆದ್ದಣ್ಣನ ಹೆಗಲ ಮೇಲೆ ಕೈ ಹಾಕಿ ಜಯಕುಮಾರ್ ನಿಂತಿದ್ದ. ಪ್ರಸನ್ನ ಆ ಮುಖವೊಂದನ್ನೇ ದೊಡ್ಡದು ಮಾಡಿದ. ಬಿಸಿಲು ನೇರ ಹಣೆಗೆ ಬಿದ್ದಿತ್ತು. ಎರಡು ಹುಬ್ಬುಗಳೂ ನುಣ್ಣಗೆ, ಬರೆದಿಟ್ಟ ಹಾಗಿದ್ದವು.

ನೀನು ಅಳಿಸಿದ ಕಲೆಗಳಲ್ಲಿ ಈ ಹುಬ್ಬಿನ ಮೇಲಿನದೂ ಇತ್ತೇ ಎಂದು ಅವಳು ಕೇಳಿದಳು. ಪ್ರಸನ್ನನಿಗೆ ಅವಮಾನವಾದಂತಾಯಿತು. ಕಾಗದದ ಮೇಲಿನ ಗೆದ್ದಲು ಕಲೆ ಅಳಿಸಿದೆನೇ ಹೊರತು ಯಾರ ಮುಖವನ್ನೂ ಮುಟ್ಟಿಲ್ಲ ಎಂದು, ಕಪಾಟಿನಿಂದ ಮೂಲ ಫೋಟೋವನ್ನೇ ತೆಗೆದು ಮುಂದಿಟ್ಟ. ಅದರಲ್ಲೂ ಗಾಯದ ಗುರುತಿರಲಿಲ್ಲ.

“ಅವ್ನ್ ಮುಖದಲ್ಲಿ ಗಾಯ ಎಲ್ಲಿತ್ತೇ? ನಿಂಗೆಲ್ಲೋ ಭ್ರಮೆ.”

ಪರೀಕ್ಷೆ ಮುಗಿದ ದಿನ ಜಯಕುಮಾರ್ ಪಾವಗಡದ ಬಸ್ಸು ಹತ್ತಿದ್ದೇ ಕೊನೆ, ಅದೇ ಬೇಸಿಗೆಯಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟವನನ್ನು ಆಮೇಲೆ ಪೆದ್ದಣ್ಣನೂ ಸೇರಿ ತಮ್ಮಲ್ಲಿ ಯಾರೂ ನೋಡಿಲ್ಲ ಎಂದೂ ಹೇಳಿದ. ಗುಂಪು ಮಾಡುವಾಗ ಒಬ್ಬೊಬ್ಬರನ್ನೂ ಕೇಳಿದ್ದನಂತೆ. ಲೋಹಿತಾಳನ್ನೂ ಕೇಳಿದ್ದೆಯಾ ಎಂದಳು ಚೈತ್ರ. ಕೇಳಿದ್ದೆ, ಅವಳೂ ಗೊತ್ತಿಲ್ಲ ಅಂದಳು ಎಂದ.

ಇನ್ನೊಬ್ಬನನ್ನು ಕೇಳುವುದಿತ್ತು. ಪೆದ್ದಣ್ಣ ಜಯಕುಮಾರನ ಊರಿನವನೇ, ಹಾಸ್ಟೆಲ್ಲಿನಲ್ಲಿ ಇಬ್ಬರಿಗೂ ಒಂದೇ ಟ್ರಂಕು. ಈಗ ತಿರುಮಣಿಯ ಅವನ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ, ಅದೇ ಪಾರ್ಕಿನ ಕೆಲಸಗಾರರನ್ನು ಕರೆದೊಯ್ಯುವ ವ್ಯಾನಿಗೆ ಅವನು ಡ್ರೈವರ್. ಪ್ರಸನ್ನ ಅವನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

ಗಾಯದ ಮಾತು ಎತ್ತುತ್ತಲೇ ಪೆದ್ದಣ್ಣ, ಲೇದಮ್ಮ, ಅಂಥದ್ದೇನೂ ಇರಲಿಲ್ಲ ಎಂದುಬಿಟ್ಟ. ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದವನೇ ನಾನು, ಗೊತ್ತಿರುವುದಿಲ್ಲವೇ ಎಂದ. ತಾನಾಗಿಯೇ ಇನ್ನೊಂದು ಮಾತು ಸೇರಿಸಿದ.

“ಅವತ್ತು ನಾನು, ಏಮ್ರಾ ಜಯಾ, ಎಟ್ಲುನ್ನಾವ್ ಅಂತ ಮಾತಾಡ್ಸುದ್ರೆ ನಕ್ಕಂಡು ಕನ್ನಡದಾಗೆ ಚೆನ್ನಾಗಿದೀನಿ ಅಂದ ಚೈತ್ರಮ್ಮ. ಅವ್ರಮ್ಮ ಹೋದ್ ಮ್ಯಾಲೆ ತೆಲುಗೂ ಬುಟ್ಬುಟ್ನಾ ಅಂತ ನಂಗೆ ಬಾಳ ಬ್ಯಾಸರಾಯ್ತು.”

ಚೈತ್ರ ಹೊರಗಿನ ಮೆಟ್ಟಿಲ ಮೇಲೆ ಬಂದು ನಿಂತಳು. ಶಾಲೆ ಬಿಡುವಾಗ ಇಲ್ಲದ ಗಾಯ. ಅದು ಆಮೇಲೆ ಆದದ್ದಾಗಿದ್ದರೆ ಹೇಳಬಲ್ಲವನು ಒಬ್ಬನೇ. ಅವನಿಗೆ ಫೋನ್ ಮಾಡುವುದು ಸರಿಯೇ ತಪ್ಪೇ ಎಂದು ಸ್ವಲ್ಪ ತೂಗಿ ನೋಡಿದಳು. ಕುತೂಹಲವೇ ಗೆದ್ದಿತು. ಜಯಕುಮಾರನ ಹುಬ್ಬಿನ ಮೇಲೆ ಏನಾದರೂ ಗಾಯದ ಗುರುತಿತ್ತೇ ಎಂದು ಪ್ರಭುದೇವನನ್ನು ಕೇಳಿದಳು.

“ಇತ್ತು ಮೇಡಂ. ಬಲಗಡೆ ಹುಬ್ಬು. ನನ್ ಜೊತೆ ಕೆಲ್ಸಕ್ಕೆ ಸೇರಿದ್ಮೇಲೆ, ವೈರ್ ಎಳೀವಾಗ ಹಗ್ಗ ಕಿತ್ಕೊಂಡು ಹೊಡೀತು. ಹೊಲಿಗೆ ಹಾಕ್ಸಿದ್ದು ನಾನೇ.”

ಅವನ ಮುಂದಿನ ಮಾತಿನ ದನಿಯೇ ಬೇರೆಯಾಗಿತ್ತು.

“ಗಾಯದ ವಿಷಯ ನಾನು ನಿಮಗೆ ಹೇಳೇ ಇರ್ಲಿಲ್ವಲ್ಲ ಮೇಡಂ. ನಿಮ್ಮ ಕ್ಲಾಸಿನೋರಿಗೆ ಅದು ಹೆಂಗೆ ಗೊತ್ತು?”

ಚೈತ್ರ ಫೋನ್ ಇಟ್ಟುಬಿಟ್ಟಳು. ಅದೇ ಪ್ರಶ್ನೆಯನ್ನು ಅವಳೂ ಶಿರಾಕ್ಕೆ ಹೊತ್ತುಕೊಂಡು ಹೋಗಬೇಕಾಗಿತ್ತು.

*

ಶಿರಾ ರಸ್ತೆ ಬಡವನಹಳ್ಳಿಯ ಮೇಲೇ ಹೋಗುತ್ತದೆ. ಸಂತೆಯ ದಿನವಾದ್ದರಿಂದ ಊರೊಳಗೆ ಕಾರು ಆಮೆಯಂತೆ ಸರಿಯಿತು. ಶಾಲೆಯ ಗೇಟಿನ ಮೇಲೆ ಭಾನುವಾರದ ಬ್ಯಾನರು ಇನ್ನೂ ಹಾಗೇ ಇತ್ತು. ಒಂದು ಮೂಲೆ ಕಳಚಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಆ ವರಾಂಡವನ್ನು ನೋಡುತ್ತಿದ್ದಂತೆ ಚೈತ್ರಳಿಗೆ ಒಂದು ನೆನಪು ತಾನಾಗಿ ಬಂತು. ಪರೀಕ್ಷೆಗೆ ಮುಂಚಿನ ಓದುವ ರಜೆ. ಲೋಹಿತಾ ಗಣಿತದಲ್ಲಿ ಪಾಸಾಗುವುದೇ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು. ಫೇಲಾದರೆ ಮದುವೆ ಎಂದು ಅವಳ ಮನೆಯಲ್ಲಿ ಗಂಡನ್ನೂ ನೋಡಿ ಇಟ್ಟಿದ್ದರು. ಆ ರಜೆಯುದ್ದಕ್ಕೂ ಜಯಕುಮಾರ್ ಹಾಸ್ಟೆಲ್ಲಿನಿಂದ ಬಂದು, ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅವಳಿಗೆ ಲೆಕ್ಕ ಹೇಳಿಕೊಟ್ಟ. ಪಕ್ಕದಲ್ಲಿ ಕೂತು ಚೈತ್ರಳೂ ಕಲಿತಳು. ಲೋಹಿತಾ ಪಾಸಾದಳು. ಪಿಯುಸಿಗೆ ಹೋದಳು. ಮದುವೆಯಾದದ್ದು ತನಗೆ ಬೇಕೆನಿಸಿದಾಗ, ಬೇಕೆನಿಸಿದವನನ್ನು.

ಇದನ್ನು ಭಾನುವಾರ ಆ ಮನುಷ್ಯ ಹೇಳಲಿಲ್ಲ ಎಂಬುದು ಆಗ ಹೊಳೆಯಿತು. ಎಲ್ಲರ ಕಥೆಯನ್ನೂ ಹೇಳಿದವನು ಲೋಹಿತಾಳ ಹೆಸರನ್ನೇ ಎತ್ತಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಇಡೀ ತರಗತಿಯ ಕಥೆ ಹೇಳಿದ ಜಯಕುಮಾರ್, ಇದೊಂದನ್ನು ಮಾತ್ರ ಗೆಳೆಯನಿಗೂ ಹೇಳದೆ ತನ್ನಲ್ಲೇ ಇಟ್ಟುಕೊಂಡಿದ್ದ.

ಲೋಹಿತಾಳ ಮನೆ ತಲುಪುವಾಗ ಇಳಿಬಿಸಿಲು. ಮುಂದಿನ ಹಜಾರವೇ ಅವಳ ಮಿಠಾಯಿ ಕಾರ್ಖಾನೆ. ಬೆಲ್ಲದ ಪಾಕದ ವಾಸನೆ ಬೀದಿಯವರೆಗೂ ಬರುತ್ತಿತ್ತು. ಕೆಲಸದ ಹೆಂಗಸರು ಕೈಕಾಲು ತೊಳೆದು ಹೊರಡುತ್ತಿದ್ದರು. ಕಲ್ಲಿನ ಮೇಲೆ ಹರಡಿದ ಮಿಠಾಯಿ ಆರುವ ಮುಂಚೆ ಲೋಹಿತಾ ಉದ್ದ ಚಾಕು ಹಿಡಿದು ಗೆರೆ ಎಳೆಯುತ್ತಿದ್ದಳು.

ಕೂತ್ಕೊ, ಕಾಫಿ ಮಾಡುತ್ತೇನೆ ಎಂದಳು. ಆ ಅಂಗಡಿಯವನು ಏನೆಂದ ಎಂದು ಕೇಳುವಾಗ ತಲೆ ಎತ್ತಲಿಲ್ಲ.

ಚೈತ್ರ ಬಾಗಿಲು ಮುಂದಕ್ಕೆ ಮಾಡಿ ಅವಳ ಎದುರಿಗೆ ನಿಂತಳು.

“ಆ ಗಾಯ ನೀನು ಯಾವಾಗ ನೋಡ್ದೆ ಲೋಹಿ?”

“ಹೇಳುದ್ನಲ್ಲೇ, ಹೈಸ್ಕೂಲ್‌ನಾಗೆ.”

ಚೈತ್ರ ಮೊಬೈಲನ್ನು ಕಲ್ಲಿನ ಅಂಚಿಗೆ ಇಟ್ಟಳು. ಪರದೆಯ ತುಂಬ ಜಯಕುಮಾರನ ಹದಿಹರೆಯದ ಮುಖ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡದ್ದು. ಲೋಹಿತಾ ಚಾಕು ನಿಲ್ಲಿಸಿ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕಲ್ಲಿನ ಮೇಲಿನ ಮಿಠಾಯಿ ಗೆರೆ ಬೀಳದೆ ಗಟ್ಟಿಯಾಗುತ್ತಿತ್ತು.

ಇದು ಬೀಳ್ಕೊಡುಗೆಯ ದಿನದ್ದು ಎಂದು ಚೈತ್ರ ಹೇಳಿದಳು. ಗಾಯವಾದದ್ದು ಎಷ್ಟೋ ವರ್ಷಗಳ ಮೇಲೆ, ಟವರ್ ಕೆಲಸದಲ್ಲಿ, ಅದನ್ನು ನೀನು ನೋಡಿದ್ದೀಯ ಎಂದರೆ ಅವನನ್ನು ನೋಡಿದ್ದೀಯ ಎಂದೇ ಅರ್ಥ, ಪ್ರಸನ್ನನಿಗೆ ಯಾಕೆ ಸುಳ್ಳು ಹೇಳಿದೆ ಎಂದಳು. ಯುಗಾದಿ ಕಳೆದ ಮೇಲೆ ಅವನಿಗೆ ಫೋನ್ ಮಾಡಿದವಳು ನೀನೇನಾ ಎಂದೂ ಕೇಳಿದಳು.

ಲೋಹಿತಾ ಚಾಕುವನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಮೂಟೆಯೊಂದರ ಮೇಲೆ ಕೂತಳು.

“ಮೊದ್ಲು ಫೋನ್ ಮಾಡಿದ್ದು ಅವ್ನು ಕಣೇ. ಯಾವ್ದೋ ಅಂಗಡೀಲಿ ನಮ್ ಮಿಠಾಯಿ ತಗಂಡವ್ನೆ, ಪ್ಯಾಕೆಟ್ ಮ್ಯಾಲೆ ನನ್ನೆಸ್ರು ನೋಡಿ, ನೀನು ಬಡವನಹಳ್ಳಿ ಲೋಹಿತಾನಾ ಅಂತ ಕೇಳ್ದ.”

ಮಾತಾಡುತ್ತ ಮಾತಾಡುತ್ತ ಅವನು ಅತ್ತುಬಿಟ್ಟನಂತೆ. ಏನೋ ದೊಡ್ಡ ಭಯದಲ್ಲಿದ್ದಾನೆ ಎಂದು ಇವಳಿಗೆ ಅರ್ಥವಾಯಿತು. ಗಂಡನಿಗೆ ಹೇಳಿದಳು. ಶಿರಾ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಅವನು, ನಿನಗೆ ಓದು ಕಲಿಸಿದವನಲ್ಲವೇ, ಬರಲಿ ಬಿಡು ಎಂದ. ಹಬ್ಬ ಕಳೆದ ಮೇಲೆ ಇವಳೇ ಫೋನ್ ಮಾಡಿ ಕರೆಸಿಕೊಂಡಳು.

ಎದುರಿಗೆ ಬಂದು ಕೂತ ಮೇಲೆ ಜಯಕುಮಾರ್ ಎಲ್ಲವನ್ನೂ ಹೇಳಿದ. ಅವರ ಗ್ಯಾಂಗಿನಲ್ಲಿ ದೂರದೂರಿನಿಂದ ಬಂದಿದ್ದ ಒಬ್ಬ ಕೆಲಸಗಾರನಿದ್ದ. ಹಳೆಯ ಲೈನಿನಲ್ಲಿ ಕರೆಂಟ್ ತೆಗೆಸಿದ್ದೇವೆ ಎಂದು ಸೂಪರ್‌ವೈಸರ್ ಹೇಳಿದ್ದನ್ನು ನಂಬಿ ಅವನು ಮೇಲೆ ಹತ್ತಿದ. ಕರೆಂಟ್ ತೆಗೆಸಿರಲಿಲ್ಲ. ಅವನು ಕೆಳಗೆ ಬಿದ್ದಾಗ ಜೀವವಿರಲಿಲ್ಲ. ಮಾರನೇ ದಿನ ಬೆಳಗ್ಗೆ, ಅವನು ಕೆಲಸ ಬಿಟ್ಟು ಊರಿಗೆ ಹೊರಟುಹೋದ ಎಂದು ಎಲ್ಲರಿಗೂ ಹೇಳಲಾಯಿತು. ಹೆಣ ಏನಾಯಿತೆಂದು ಜಯಕುಮಾರನಿಗೆ ಗೊತ್ತು. ಹೊರಗೆ ಹೇಳುತ್ತೇನೆ ಎಂದದ್ದಕ್ಕೆ, ನಿನಗೂ ಕೇಳುವವರು ಯಾರೂ ಇಲ್ಲ ಎಂದು ಸೂಪರ್‌ವೈಸರ್ ನಗುತ್ತ ಹೇಳಿದನಂತೆ.

“ಆ ಸೂಪರ್‌ವೈಸರ್ ಹೆಸರೇನು?”

“ಪ್ರಭುದೇವ್ ಅಂತ. ಬಾಳ ಒಳ್ಳೆ ಮಾತುಗಾರ ಅಂತಿದ್ದ.”

ಚೈತ್ರಳ ಕಿವಿಯಲ್ಲಿ ಕೊರಟಗೆರೆಯ ಆ ದನಿ ಮತ್ತೆ ಕೇಳಿಸಿದಂತಾಯಿತು. ತುಂಬಿದ ಕಣ್ಣು. ಹೊಸ ಶರ್ಟ್ ಹಾಕಿಕೊಂಡು ಹೋದ ಎಂಬ ಮಾತು. ಅವಳು ಅದನ್ನು ನಂಬಿದ್ದಳು. ಅಥವಾ ಅದೇ ನಿಜವಾಗಿದ್ದು, ಈ ಹಳೆಯ ಗೆಳತಿಯೇ ಈಗ ಸುಳ್ಳು ಹೇಳುತ್ತಿರಬಹುದೇ? ಒಬ್ಬನನ್ನೇ ಕುರಿತು ಇಬ್ಬರು ಎರಡು ಕಥೆ ಹೇಳಿದ್ದರು. ಎರಡರಲ್ಲೂ ಯುಗಾದಿ ಇತ್ತು, ಫೋನ್ ಇತ್ತು, ಗಾಯ ಇತ್ತು. ಯಾರ ಕಥೆಗೂ ಸಾಕ್ಷಿ ಇರಲಿಲ್ಲ.

ಭಾನುವಾರ ಅವನು ಎದ್ದು ನಿಂತು ನಾನೇ ಜಯಕುಮಾರ್ ಎಂದಾಗಲೇ ಅದು ಸುಳ್ಳು ಎಂದು ತನಗೆ ಗೊತ್ತಾಯಿತು ಎಂದಳು ಲೋಹಿತಾ. ಅದಕ್ಕೆ ಮುಂಚೆ ಅವನನ್ನು ಅವಳು ನೋಡಿರಲಿಲ್ಲ. ಮನೆಗೆ ಬಂದು ಅವನ ಚಹರೆ ಹೇಳಿದ ಮೇಲಷ್ಟೇ ಅವನು ಯಾರೆಂದು ಗೊತ್ತಾದದ್ದು.

“ಯಾರಿಗೆ ಹೇಳ್ದೆ ಚಹರೆ?”

ಲೋಹಿತಾಳ ಕಣ್ಣು ಒಳಬಾಗಿಲ ಕಡೆ ಹೋಗಿ ಬಂತು. ಮಾತು ಜಾರಿತ್ತು.

ಹಾಗಾದರೆ ನಾಲ್ಕು ದಿನದ ಕೆಳಗೆ ಜಯಕುಮಾರ್ ಇಲ್ಲೇ ಇದ್ದ. ಬದುಕಿದ್ದ. ಚೈತ್ರ ಹಜಾರದ ಆಚೆಗೆ ನೋಡಿದಳು. ಒಳಬಾಗಿಲಿಗೆ ಹಳೆಯ ಸೀರೆಯ ಪರದೆ. ಅದರ ಹಿಂದೆ ಏನಿದೆಯೋ ಕಾಣುತ್ತಿರಲಿಲ್ಲ. ಅವನು ಎಲ್ಲಿದ್ದಾನೆ ಎಂದು ಕೇಳಿದಳು.

“ಅದೊಂದ್ ಕೇಳ್ಬ್ಯಾಡ ಕಣೇ. ಯಾರ್ಗೂ ಹೇಳಲ್ಲ ಅಂತ ಅವ್ನ್ ಕೈಮ್ಯಾಲೆ ಕೈ ಮಡಗಿ ಮಾತು ಕೊಟ್ಟಿವ್ನಿ.”

“ಮತ್ತೆ ನಂಗ್ಯಾಕೆ ಹುಡುಕು ಅಂದೆ?”

“ಆವಯ್ಯ ಎಲ್ಲಿರ್ತಾನೆ ಅಂತ ಗೊತ್ತಾಗ್ಬೇಕಿತ್ತು. ಮನೇಗ್ ಬಂದು ಹೇಳ್ದಾಗ, ಚೈತ್ರ ಆದ್ರೆ ಹುಡುಕ್ತಾಳೆ ಅಂತ ಜಯಕುಮಾರ್ನೂ ಅಂದ.”

ಚೈತ್ರಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಸಿಟ್ಟಿಗಿಂತ ಹೆಚ್ಚಾಗಿ ಒಂದು ಅಚ್ಚರಿ. ಕಾಣದ ಕಡೆ ಕೂತು ಜಯಕುಮಾರ್ ತನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದ. ಅವಳು ಪ್ರಭುದೇವನ ಅಂಗಡಿಯ ಫೋಟೋವನ್ನು ಬೆಳಗ್ಗೆಯೇ ಲೋಹಿತಾಳಿಗೆ ಕಳಿಸಿದ್ದಳು. ಅಂಗಡಿಯ ಬೋರ್ಡೂ, ಅದರ ಮೇಲಿನ ಫೋನ್ ನಂಬರೂ ಸ್ಪಷ್ಟವಾಗಿ ಕಾಣುತ್ತಿದ್ದ ಫೋಟೋ.

ಹೊರಗೆ ಬೈಕೊಂದು ಬಂದು ನಿಂತಿತು.

ಲೋಹಿತಾ ಎದ್ದು ಕಿಟಕಿಯ ಸಂದಿನಿಂದ ನೋಡಿದಳು. ನೋಡಿದವಳೇ ಹಿಂದಕ್ಕೆ ಸರಿದು ಬಾಗಿಲ ಚಿಲಕ ಹಾಕಿದಳು. ಆಮೇಲೆ ಚೈತ್ರಳ ಕಡೆ ತಿರುಗಿದಳು.

“ನೀನೇ ಕರ್ಕಂಬಂದ್ಯಾ ಅವನ್ನ?”

ಇಲ್ಲ ಎನ್ನಲು ಚೈತ್ರಳಿಗೆ ಧೈರ್ಯವಾಗಲಿಲ್ಲ. ಮಧುಗಿರಿಯಿಂದ ಫೋನ್ ಮಾಡಿದ್ದು, ಸಂತೆಯ ಜನರ ನಡುವೆ ನಿಧಾನವಾಗಿ ಬಂದದ್ದು, ಹಿಂದೆ ಯಾರು ಬರುತ್ತಿದ್ದಾರೆಂದು ಒಮ್ಮೆಯೂ ಕನ್ನಡಿಯಲ್ಲಿ ನೋಡದೇ ಇದ್ದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಪೊಲೀಸ್ ಕೆಲಸದಲ್ಲಿದ್ದವಳು ಮಾಡುವ ತಪ್ಪಲ್ಲ ಅದು. ಅವಳು ಮೊಬೈಲ್ ಎತ್ತಿ ಶಿರಾ ಠಾಣೆಯಲ್ಲಿ ತನಗೆ ಗೊತ್ತಿದ್ದವರ ನಂಬರ್ ಹುಡುಕತೊಡಗಿದಳು.

ಬಾಗಿಲು ಬಡಿದ ಸದ್ದಾಯಿತು. ಜೋರಾಗಿ ಅಲ್ಲ, ನೆಂಟರು ಬಡಿಯುವ ಹಾಗೆ. ಮೇಡಂ, ಒಳಗೆ ಇದ್ದೀರಾ ಎಂದು ಪ್ರಭುದೇವನ ದನಿ ಕೇಳಿತು.

ಅದೇ ಹೊತ್ತಿಗೆ ಒಳಗಿನ ಸೀರೆಯ ಪರದೆ ಸರಿಯಿತು.

ಬಂದವನು ಉದ್ದ ಕತ್ತಿನ, ಕಿವಿಯ ಪಕ್ಕ ಕೂದಲು ನರೆತ ಮನುಷ್ಯ. ಬಲಹುಬ್ಬನ್ನು ಒಂದು ಬಿಳಿ ಗೆರೆ ಅಡ್ಡಕ್ಕೆ ಕತ್ತರಿಸಿತ್ತು. ಅವನು ಚೈತ್ರಳನ್ನು ನೋಡಿ, ಹಳೆಯ ಪರಿಚಯದವರನ್ನು ಬೀದಿಯಲ್ಲಿ ಕಂಡಂತೆ ತಲೆ ಆಡಿಸಿದ. ಲೋಹಿತಾ ಗಾಬರಿಯಿಂದ ಅವನನ್ನು ಒಳಕ್ಕೆ ತಳ್ಳಲು ಹೋದಳು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

“ಬಾಗ್ಲು ತೆಗಿ ಲೋಹಿತಾ. ಚೈತ್ರ ಏನೂ ಮಾಡಿಲ್ಲ. ಲೈನಿನ ಮೇಲೆ ಸತ್ತವನ ಮಾತು ಇವಳ ಎದುರಿಗೇ ಆಗ್ಲಿ ಅಂತ, ಅವನಿಗೆ ಫೋನ್ ಮಾಡಿ ಬರೋಕೆ ಹೇಳಿದ್ದು ನಾನೇ.”